ಬಡಗಿಯ ಮಣೆ

ಪ್ರತಿ ವರ್ಷವೂ ಆಯುಧಪೂಜೆಯ ದಿನ ನಮ್ಮ ಮನೆಯ ಅಟ್ಟದಿಂದ ಒಂದು ಮರದ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರೊಳಗೆ ನಮ್ಮ ತಂದೆಯವರ ಬಾಚಿ, ಎರಡು ಗರಗಸ, ಐದು ಉಳಿ, ಒಂದು ಕೊಡತಿ, ಒಂದು ಬೈರಿಗೆ, ಒಂದು ಮೂಲೆಮಟ್ಟ, ಮತ್ತು ಮರವನ್ನು ಕೀಸಿ ನುಣುಪು ಮಾಡುವ ಎರಡು ಹತ್ತರಿಗಳಿವೆ. ಹತ್ತರಿಯನ್ನು ಕೆಲವು ಕಡೆ ತೋಪಡವೆಂದೂ ಕರೆಯುವುದುಂಟು. ತಂದೆಯವರು ಅವುಗಳನ್ನು ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಅರಿಶಿನ ಕುಂಕುಮವಿಟ್ಟು ಸಾಲಾಗಿ ಜೋಡಿಸುತ್ತಾರೆ. ಸಾಲಿನ ಕೊನೆಯಲ್ಲಿ ನನ್ನ ಲೇಖನಿಯನ್ನೂ ಇಡುವುದು ವಾಡಿಕೆ. ಗರಡಿಮನೆಗೆ ದಾರಿ ತಪ್ಪಿ ಬಂದ ಕವಿಯ ಹಾಗೆ ಅದು ಅಲ್ಲಿ ಮುದುರಿಕೊಂಡು ಕುಳಿತಿರುತ್ತದೆ.

ತಂದೆಯವರು ವೃತ್ತಿಯಿಂದ ಬಡಗಿಗಳಲ್ಲ. ಸರ್ಕಾರಿ ಕಛೇರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಬಾಲ್ಯದಲ್ಲಿ, ಹಳ್ಳಿಯಲ್ಲಿ, ಎದುರು ಮನೆಯ ಬಡಗಿ ಆಚಾರ್ರ ಜಗಲಿಯೇ ಅವರಿಗೆ ಎರಡನೆಯ ಪಾಠಶಾಲೆಯಾಗಿತ್ತು. ವಾರದ ಆರು ದಿನ ಲೆಕ್ಕದ ಪುಸ್ತಕ, ಏಳನೆಯ ದಿನ ಹತ್ತರಿ. ಹೀಗೆ ಮೂವತ್ತು ವರ್ಷ ನಡೆಯಿತು. ನಮ್ಮ ಮನೆಯ ದೇವರ ಮಂಟಪ, ನನ್ನ ಪುಸ್ತಕದ ಕಪಾಟು, ಅಮ್ಮನ ಕಾಳಿನ ಡಬ್ಬಗಳ ಗೂಡು, ಎಲ್ಲವೂ ಅವರ ಭಾನುವಾರಗಳೇ.

ಆ ಭಾನುವಾರಗಳು ಮೂರು ವರ್ಷಗಳಿಂದ ನಿಂತುಹೋಗಿದ್ದವು. ಕಾರಣ ಮೊಣಕಾಲು. ಕೀಲು ಸವೆದಿದೆ, ಇನ್ನು ಮೇಲೆ ನೆಲದ ಮೇಲೆ ಕುಳಿತುಕೊಳ್ಳಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದರು. "ಮರದ ಕೀಲಾಗಿದ್ದರೆ ಒಂದು ಬೆಣೆ ಹೊಡೆದು ಬಿಗಿ ಮಾಡಬಹುದಾಗಿತ್ತು" ಎಂದು ತಂದೆಯವರು ನಕ್ಕರು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಕಳೆದ ವಿಜಯದಶಮಿಯಂದು ನನ್ನ ಐದು ವರ್ಷದ ಮಗಳು, ಗೊಂಬೆಗೆ ಒಂದು ತೊಟ್ಟಿಲು ಬೇಕೆಂದು ಅಜ್ಜನನ್ನು ಕೇಳಿದಳು. ಮೊಮ್ಮಗಳ ಮಾತಿನ ಮುಂದೆ ವೈದ್ಯರ ಅಪ್ಪಣೆ ನಿಲ್ಲುವುದೆ? ನಾವೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವರು ಹಜಾರದಲ್ಲಿ ಚಾಪೆ ಹಾಸಿ, ಹಲಗೆಯೊಂದನ್ನು ಪಾದಗಳ ನಡುವೆ ಹಿಡಿದು ಕುಳಿತರು. ಅರ್ಧ ಗಂಟೆಯ ಮೇಲೆ ಏಳಲು ಹೋದರೆ ಏಳಲಾಗಲಿಲ್ಲ. ಯಾರನ್ನೂ ಕರೆಯಲಿಲ್ಲ. ನಾನು ಎದ್ದು ಬಂದು ನೋಡಿದಾಗ ಗೋಡೆಗೊರಗಿ, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ಕುಳಿತಿದ್ದರು. ನಾನೂ ನನ್ನ ಮನೆಯಾಕೆಯೂ ಎರಡು ಕಡೆ ಹಿಡಿದು ಎತ್ತಿದೆವು. ಅವರು ಕುರ್ಚಿಯಲ್ಲಿ ಕುಳಿತು, ಉಪಕರಣಗಳನ್ನು ಒರೆಸಿ, ಪೆಟ್ಟಿಗೆಯೊಳಗೆ ಜೋಡಿಸಿ, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು.

"ಕೆಲಸ ಬಲ್ಲವರು ಯಾರಾದರೂ ಇದ್ದರೆ ಇದನ್ನು ಕೊಟ್ಟುಬಿಡಪ್ಪ. ಸುಮ್ಮನಿದ್ದರೆ ತುಕ್ಕು ಹಿಡಿಯುತ್ತೆ" ಎಂದರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುವ ಹೊತ್ತಿಗೆ ನಿಶ್ಚಯಿಸಿದೆ: ಅವರಿಗೊಂದು ಕೆಲಸದ ಮೇಜು ಮಾಡಿಸಬೇಕು. ನೆಲದ ಮೇಲೆ ಕೂರಲಾಗದಿದ್ದರೆ ನೆಲವನ್ನೇ ಮೇಲಕ್ಕೆತ್ತಿದರಾಯಿತು!

ಓದಿಕೊಂಡವನಿಗೆ ಕಷ್ಟ ಬಂದಾಗ ಅವನು ಮೊದಲು ಮಾಡುವುದು ಪುಸ್ತಕ ತೆರೆಯುವುದನ್ನು. ನಾನೂ ತೆರೆದೆ. ಬಡಗಿಯ ಮೇಜಿನ ಬಗ್ಗೆ ಐರೋಪ್ಯರು ಬರೆದಿರುವುದು ಅಷ್ಟಿಷ್ಟಲ್ಲ. ಆಂದ್ರೆ ರೂಬೊ ಎಂಬ ಫ್ರೆಂಚ್ ಬಡಗಿ 1769ರಿಂದ 1774ರವರೆಗೆ ತನ್ನ ಕಸಬಿನ ಮೇಲೆ ಒಂದು ಮಹಾಗ್ರಂಥವನ್ನೇ ಪ್ರಕಟಿಸಿದ. ಅವನು ವರ್ಣಿಸುವ ಮೇಜಿನ ಹಾಸು ಬೀಚ್ ಅಥವಾ ಎಲ್ಮ್ ಮರದ ಒಂದೇ ಹಲಗೆ: ದಪ್ಪ 5ರಿಂದ 6 ಅಂಗುಲ, ಅಗಲ 20ರಿಂದ 22 ಅಂಗುಲ, ಉದ್ದ 6ರಿಂದ 12 ಅಡಿ. ಫ್ರೆಂಚ್ ಅಂಗುಲ ನಮ್ಮ ಅಂಗುಲಕ್ಕಿಂತ ತುಸು ದೊಡ್ಡದು ಬೇರೆ. ಅದರ ನಾಲ್ಕು ಕಾಲುಗಳು ಹಾಸಿನ ಅಂಚಿಗೆ ಸಮವಾಗಿ ನಿಲ್ಲುತ್ತವೆ. ಉದ್ದನೆಯ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕೀಸುವಾಗ ಆ ಕಾಲುಗಳಿಗೇ ಆನಿಸಿ ಬಿಗಿಯಬಹುದು. ಇಂಗ್ಲೆಂಡಿನಲ್ಲಿ 1812ರಲ್ಲಿ ಪುಸ್ತಕ ಬರೆದ ಪೀಟರ್ ನಿಕಲ್ಸನ್ನನು ತೋರಿಸುವ ಮೇಜು ಇನ್ನೊಂದು ಬಗೆಯದು. ಅದರಲ್ಲಿ ಹಾಸು ತೆಳ್ಳಗೆ. ಆದರೆ ಮುಂದೆಯೂ ಹಿಂದೆಯೂ ಅಗಲವಾದ ಹಲಗೆಗಳನ್ನು ಪಂಚೆಯ ಅಂಚಿನಂತೆ ಇಳಿಬಿಟ್ಟು ಕಾಲುಗಳಿಗೆ ಜಡಿದಿರುತ್ತಾರೆ. ದಪ್ಪ ಮರ ಕೊಳ್ಳಲಾಗದವನಿಗೆ ಅದು ಒಳ್ಳೆಯ ಉಪಾಯ.

ಈ ಎರಡು ಮೇಜುಗಳ ಹಿಂದಿರುವ ತತ್ತ್ವ ಮಾತ್ರ ಒಂದೇ. ಹತ್ತರಿಯನ್ನು ನೂಕಿದಾಗ ಮರ ಮುಂದಕ್ಕೆ ಜಾರಬಾರದು. ಮರ ಜಾರದಿದ್ದರೆ ಮೇಜು ಜಾರಬಾರದು. ಮೇಜು ಜಾರದಿದ್ದರೆ ಅದರ ಕಾಲುಗಳು ಓಲಾಡಬಾರದು. ನಮ್ಮ ಊಟದ ಮೇಜನ್ನು ಒಂದು ಕೊನೆಯಲ್ಲಿ ಹಿಡಿದು ಅಡ್ಡಕ್ಕೆ ನೂಕಿ ನೋಡಿ. ಅದರ ಚೌಕ ಓರೆಯಾಗಿ, ಮತ್ತೆ ನೆಟ್ಟಗಾಗಿ, ತಾಂಬೂಲ ಹಾಕಿದವನಂತೆ ತಲೆದೂಗುತ್ತದೆ. ಅಂಥ ಮೇಜಿನ ಮೇಲೆ ಹತ್ತರಿ ಹಿಡಿದರೆ ನೂಕಿದ ಬಲದಲ್ಲಿ ಅರ್ಧ ಮರಕ್ಕೆ, ಅರ್ಧ ಮೇಜಿನ ಓಲಾಟಕ್ಕೆ. ಆದ್ದರಿಂದ ಮೇಜಿಗೆ ಬೇಕಾದ ಗುಣಗಳು ಮೂರು: ಭಾರ, ಬಿಗಿ, ಸರಿಯಾದ ಎತ್ತರ. ಅಂದವೆಂಬುದು ಈ ಪಟ್ಟಿಯಲ್ಲಿಯೇ ಇಲ್ಲ.

ಎತ್ತರಕ್ಕೆ ಒಂದು ಸುಲಭವಾದ ಅಳತೆಯುಂಟು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕಿರುಬೆರಳು ಅಂಗೈಯನ್ನು ಕೂಡುವ ಜಾಗ ಎಲ್ಲಿಗೆ ಬರುವುದೋ, ಹತ್ತರಿಯ ಕೆಲಸಕ್ಕೆ ಮೇಜಿನ ಎತ್ತರ ಅಲ್ಲಿಗಿದ್ದರೆ ಮೈಭಾರವೆಲ್ಲ ಕೈಗೆ ಒದಗುತ್ತದೆ. ಸಣ್ಣ ಕೆತ್ತನೆಯ ಕೆಲಸಕ್ಕೆ ಇನ್ನಷ್ಟು ಎತ್ತರ ಬೇಕು. ತಂದೆಯವರು ಪತ್ರಿಕೆ ಓದುತ್ತ ನಿಂತಿದ್ದಾಗ ನಾನು ಹಿಂದಿನಿಂದ ಹೋಗಿ ಅಳೆದೆ. 29 ಅಂಗುಲ ಬಂತು.

ಇನ್ನು ಉಳಿದದ್ದು ಮರ. ನಮ್ಮ ಮೈಸೂರಿನಲ್ಲಿ ಮರ ಮಾರುವವರಿಗೆ ಕೊರತೆಯಿಲ್ಲ. ಒಂದು ಭಾನುವಾರ ಪೂರ್ತಿ ನಾನು ಸಾಮಿಲ್ಲಿನಿಂದ ಸಾಮಿಲ್ಲಿಗೆ ಅಲೆದೆ. ಕಲಿತದ್ದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಹೇಳಿಬಿಡುತ್ತೇನೆ.

ತೇಗ ಮರಗಳ ರಾಜನೆಂಬುದು ನಿಜ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಚಾಳಿ ಅದಕ್ಕೆ ಬಹಳ ಕಡಮೆ. ಗೆದ್ದಲು ಸುಲಭವಾಗಿ ಹತ್ತದು. ಆದರೆ ಬೆಲೆ ಕೇಳಿದವನು ಬಂದ ದಾರಿಯಲ್ಲೇ ಹಿಂತಿರುಗಬೇಕು. ಬೀಟೆಯ ಮಾತಂತೂ ಬೇಡ. ಕೆತ್ತನೆಗೆ, ಕುಂದಣದ ಕೆಲಸಕ್ಕೆ ಆಗುವ ಮರದ ಮೇಲೆ ಕೊಡತಿಯಿಂದ ಬಡಿಯುವುದು ಮಹಾಪಾಪ. ಹೊನ್ನೆ ಭಾರವಾದ, ಗಟ್ಟಿಯಾದ ಮರ. ಮತ್ತಿ ಅದಕ್ಕಿಂತಲೂ ಭಾರ. ಹಳೆಯ ಮನೆಗಳ ಅಟ್ಟವನ್ನು ಹೊತ್ತ ತೊಲೆಗಳಲ್ಲಿ ಎಷ್ಟೋ ಮತ್ತಿಯವೇ. ಕಾಡಿನಲ್ಲಿ ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯ ಮರವನ್ನು ಕಂಡಿದ್ದರೆ ನೀವು ಮತ್ತಿಯನ್ನು ಕಂಡಿದ್ದೀರಿ. ಮಾವು ಅಗ್ಗ, ಭಾರದಲ್ಲಿಯೂ ತೇಗಕ್ಕೆ ಕಡಮೆಯಿಲ್ಲ. ಆದರೆ ಅದಕ್ಕೆ ಕುಟ್ಟೆಹುಳುವಿನ ಕಾಟ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರು ಕುಡಿಸದ ಮಾವಿನ ಹಲಗೆಯಿಂದ ಕೆಲವೇ ವರ್ಷಗಳಲ್ಲಿ ಹಿಟ್ಟು ಉದುರತೊಡಗುತ್ತದೆ. ಸಿಲ್ವರ್ ಓಕ್ ಎಂಬುದು ಆಸ್ಟ್ರೇಲಿಯದಿಂದ ಬಂದು ಕೊಡಗು ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿ ನೆರಳಿಗೆ ನಿಂತ ಮರ. ನೇರವಾಗಿದೆ, ಬೆಲೆಯೂ ಹಗುರ. ಆದರೆ ಚೆನ್ನಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ.

ಯಾವ ಮರವೇ ಆಗಲಿ, ಹಸಿಯಾಗಿದ್ದರೆ ಅದರ ಜಾತಿಯಿಂದ ಏನೂ ಪ್ರಯೋಜನವಿಲ್ಲ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗುವುದಿಲ್ಲ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಮೆ. ಕಾಂಡದೊಳಗಿನ ವರ್ಷವರ್ಷದ ಬಳೆಗಳನ್ನು ಹಿಡಿದು ಸುತ್ತಲೂ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಹೆಚ್ಚುಕಡಮೆ ಎರಡರಷ್ಟು. ಹಲಗೆ ಬಾಗುವುದೂ ಸೀಳುವುದೂ ಈ ಪಕ್ಷಪಾತದಿಂದಲೇ.

ಪ್ಲೈವುಡ್ಡಿಗೆ ಈ ರೋಗವಿಲ್ಲ. ಅದರ ಪದರಗಳನ್ನು ಒಂದರ ಎಳೆಗೆ ಒಂದನ್ನು ಅಡ್ಡವಾಗಿ ಅಂಟಿಸಿರುವುದರಿಂದ ಒಂದು ಕುಗ್ಗಲು ಹೋದರೆ ಇನ್ನೊಂದು ಬಿಡುವುದಿಲ್ಲ, ಕೂಡುಕುಟುಂಬದ ನ್ಯಾಯ. ಒಳಮನೆಯ ಸಾಮಾನ್ಯ ಕೆಲಸಕ್ಕೆ ಐ.ಎಸ್. 303, ನೀರು ತಾಗುವ ಕಡೆಗೆ ಐ.ಎಸ್. 710 ಎಂಬ ಗುರುತನ್ನು ನೋಡಿ ಕೊಳ್ಳಬೇಕು. ಮುಕ್ಕಾಲು ಅಂಗುಲ ದಪ್ಪದ 8 ಅಡಿ 4 ಅಡಿಯ ಒಂದು ಹಾಳೆ 35 ಕೆ.ಜಿ.ಯ ಆಸುಪಾಸು ತೂಗುತ್ತದೆ. ಅದನ್ನು ನಾಲ್ಕಾಗಿ ಕೊಯ್ದು ಒಂದರ ಮೇಲೊಂದು ಅಂಟಿಸಿದರೆ 4 ಅಡಿ ಉದ್ದ, 2 ಅಡಿ ಅಗಲ, 3 ಅಂಗುಲ ದಪ್ಪದ ಹಾಸು ಸಿದ್ಧ. ಜಾಗ ಕಡಮೆಯಿರುವ ಮನೆಗೆ ಇದಕ್ಕಿಂತ ಸುಲಭವಾದ ಹಾಸು ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನು ಕಾಲೇಜಿನ ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಮೇಜಿನ ನಕ್ಷೆ ಬರೆದೆ. ಹಾಸು 5 ಅಡಿ ಉದ್ದ, 20 ಅಂಗುಲ ಅಗಲ, 3 ಅಂಗುಲ ದಪ್ಪ. ಕಾಲುಗಳು 4 ಅಂಗುಲದ ಚೌಕ. ಕೆಳಗೆ ಸುತ್ತ ಅಡ್ಡಪಟ್ಟಿ. ಒಟ್ಟು ಮೂರೂ ಮುಕ್ಕಾಲು ಘನ ಅಡಿ ಮರ. ತೇಗದಲ್ಲಿ ಮಾಡಿದರೆ 70 ಕೆ.ಜಿ., ಮತ್ತಿಯಲ್ಲಿ ಮಾಡಿದರೆ 90. ನಾವಿರುವುದು ಮೊದಲನೆಯ ಮಹಡಿಯ ಬಾಡಿಗೆ ಮನೆ. ಇದನ್ನು ಮೇಲಕ್ಕೆ ಏರಿಸುವುದು ಹೇಗೆ, ಕೊಡತಿಯ ಏಟು ಕೆಳಗಿನ ಮನೆಯ ಯಜಮಾನರ ಮಧ್ಯಾಹ್ನದ ನಿದ್ದೆಯ ಮೇಲೆ ಬಿದ್ದರೆ ಗತಿಯೇನು ಎಂಬ ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಆದರೂ ಹೆಮ್ಮೆಯಿಂದಲೇ ಅದನ್ನು ತಂದೆಯವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಳತೆಗಳ ಮೇಲೆ ಬೆರಳಾಡಿಸಿದರು. ಕೂಡುಗಳನ್ನು ಒಪ್ಪಿದರು. ಆಮೇಲೆ ಮೆಲ್ಲಗೆ, "ಬಹಳ ಚೆನ್ನಾಗಿ ಬರೆದಿದ್ದೀಯ. ಇದರ ಮುಂದೆ ಎಷ್ಟು ಹೊತ್ತು ನಿಲ್ಲಬೇಕು?" ಎಂದು ಕೇಳಿದರು.

ನಾನು ಬಾಯಿ ತೆರೆದವನು ಹಾಗೆಯೇ ಮುಚ್ಚಿದೆ. ಹಾಲಿನ ಅಂಗಡಿಯ ಸಾಲಿನಲ್ಲಿ ಹತ್ತು ನಿಮಿಷ ನಿಂತು ಬಂದರೆ ಅವರ ಕಾಲು ಊದಿಕೊಳ್ಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮರದ ಕುಗ್ಗನ್ನೂ ಭಾರವನ್ನೂ ಲೆಕ್ಕ ಹಾಕಿದವನು, ಅಳತೆಗೆಂದು ಹಿಂದಿನಿಂದ ಹೋದವನು, ಆ ಮನುಷ್ಯ ಆಗ ಕಿಟಕಿಯ ಚೌಕಟ್ಟಿಗೆ ಆತುಕೊಂಡು ನಿಂತಿದ್ದುದನ್ನು ಗಮನಿಸಿರಲಿಲ್ಲ.

"ಇರಲಿ ಬಿಡು" ಎಂದು ಅವರು ನಕ್ಷೆಯನ್ನು ಮಡಿಸಿ, ಜೋಪಾನವಾಗಿ, ನನಗೆ ಹಿಂತಿರುಗಿಸಿದರು.

ಅಡಿಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರು. ಆ ತುರಿಮಣೆಗೂ ಒಂದು ಕಥೆಯಿದೆ. ಹತ್ತು ವರ್ಷದ ಹಿಂದೆ, ತಂದೆಯವರಿಗಿಂತ ಮೊದಲು ಮೊಣಕಾಲು ಹಿಡಿದುಕೊಂಡದ್ದು ಅಮ್ಮನಿಗೆ. ನೆಲದ ಮೇಲೆ ಕುಳಿತು ತುರಿಯುವುದು ಆಗದೆಂದಾಗ ತಂದೆಯವರು ಹಳೆಯ ಮಣೆಗೆ ನಾಲ್ಕು ಕಾಲು ಜೋಡಿಸಿ, ಕುರ್ಚಿಯೆತ್ತರದ ತುರಿಮಣೆ ಮಾಡಿಕೊಟ್ಟಿದ್ದರು. ಅಂದಿನಿಂದ ಅಮ್ಮ ಅದರ ಮೇಲೆ ಕಾಲು ಇಳಿಬಿಟ್ಟು ಕುಳಿತು, ಸಿಂಹಾಸನದ ಮೇಲಿನ ರಾಣಿಯಂತೆ ಕಾಯಿ ತುರಿಯುತ್ತಾರೆ.

ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು. ಕೈ ನಿಲ್ಲಿಸದೆಯೇ, "ಅಲ್ಲಾ ಅಂದ್ರೆ, ನನಗೆ ಮಾಡಿಕೊಟ್ಟದ್ದನ್ನೇ ನಿಮಗೂ ಒಂದು ಮಾಡಿಕೊಳ್ಳಬಾರದೆ?" ಎಂದರು.

"ಇದು ಕಾಯಲ್ಲ ಕಣೇ, ಮರ. ಹಿಡಿದುಕೊಳ್ಳುವುದಕ್ಕೆ ಭಾರ ಬೇಕು."

"ಈ ಮಣೆಗೇನು ಭಾರ ಇದೆ? ಒಂದು ಕೈಯಲ್ಲಿ ಎತ್ತಬಹುದು. ನಾನು ಕೂತಿದ್ದೀನಲ್ಲ, ಅದಕ್ಕೇ ಅಲ್ಲವೆ ಅಲ್ಲಾಡದೆ ನಿಂತಿರೋದು?"

ತಂದೆಯವರು ಕನ್ನಡಕ ತೆಗೆದರು. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ತಾವೇ ಮಾಡಿದ ಆ ಮಣೆಯನ್ನು ಹೊಸದಾಗಿ ನೋಡುವವರಂತೆ ನೋಡುತ್ತ ನಿಂತರು.

ಅಮ್ಮ ಹೇಳಿದ್ದು ನಮ್ಮ ನಾಡಿನ ಹಳೆಯ ಯಂತ್ರಶಾಸ್ತ್ರ. ಮೇಜು ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು, ಮಣೆ ನಮ್ಮದೇ. ತುರಿಮಣೆ, ಈಳಿಗೆಮಣೆ, ಹಸೆಮಣೆ, ಅಳಗುಳಿಮಣೆ ಎಂದು ನಮ್ಮ ಬಾಳೆಲ್ಲ ಮಣೆಯ ಸುತ್ತಲೇ ನಡೆದಿದೆ. ತುರಿಮಣೆಯ ಮೇಲೆ ಕುಳಿತರೆ, ಈಳಿಗೆಮಣೆಯನ್ನು ಕಾಲಿನಿಂದ ಒತ್ತಿಕೊಂಡರೆ, ದುಡಿಯುವವರ ಮೈಭಾರವೇ ಉಪಕರಣವನ್ನು ನೆಲಕ್ಕೆ ಬಿಗಿಯುತ್ತದೆ. ನಮ್ಮ ಬಡಗಿಯೂ ಅಷ್ಟೇ. ಅವನು ಕುಕ್ಕರಗಾಲಿನಲ್ಲಿ ಕುಳಿತು ಹಲಗೆಯನ್ನು ಪಾದದಿಂದ ಅದುಮುತ್ತಾನೆ, ಹಿಮ್ಮಡಿಯಿಂದ ತಡೆಯುತ್ತಾನೆ, ಬೆರಳುಗಳ ನಡುವೆ ಹಿಡಿಯುತ್ತಾನೆ. ಐರೋಪ್ಯ ಬಡಗಿ ತಿರುಪುಮೊಳೆಯ ಹಿಡಿಕೆಯಿಂದ ಮಾಡುವುದನ್ನೆಲ್ಲ ಅವನು ಕಾಲಿನಿಂದ ಮಾಡುತ್ತಾನೆ. ತಂದೆಯವರಿಗೆ ಬೇಕಾಗಿದ್ದುದು ರೂಬೊನ ಮೇಜಲ್ಲ. ಅವರು ಕಳೆದುಕೊಂಡ ಕಾಲುಗಳಿಗೆ ಬದಲಾಗಿ ನಿಲ್ಲುವ ಒಂದು ಮಣೆ.

ಮತ್ತೆ ಪುಸ್ತಕ ತೆರೆದೆ. ಈ ಸಲ ಹುಡುಕಬೇಕಾದದ್ದು ಏನೆಂದು ತಿಳಿದಿತ್ತು, ಬೇಗ ಸಿಕ್ಕಿತು. ಹಿಂದಿನ ರೋಮನರು ತಗ್ಗಾದ ಕೆಲಸದ ಮಣೆಯನ್ನು ಬಳಸುತ್ತಿದ್ದರು: ಒಂದು ದಪ್ಪ ಹಲಗೆ, ಅದರಲ್ಲಿ ಓರೆಯಾದ ನಾಲ್ಕು ತೂತು, ತೂತಿಗೆ ಜಡಿದ ನಾಲ್ಕು ಕಾಲು. ಜರ್ಮನಿಯ ಸಾಲ್‌ಬುರ್ಗ್ ಎಂಬಲ್ಲಿ ರೋಮನ್ ಕೋಟೆಯ ಬಾವಿಯಿಂದ ಸುಮಾರು 1,800 ವರ್ಷದಷ್ಟು ಹಳೆಯದಾದ ಅಂಥದೊಂದು ಮಣೆಯನ್ನು ಮೇಲೆತ್ತಿದ್ದಾರೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಕೆಳಗೆ ಹೂತುಹೋದ ಹರ್ಕ್ಯುಲೇನಿಯಂ ನಗರದ ಒಂದು ಭಿತ್ತಿಚಿತ್ರದಲ್ಲಿ ರೆಕ್ಕೆಯುಳ್ಳ ಇಬ್ಬರು ಬಾಲಕರು ಇಂಥ ಹಲಗೆಯ ಮೇಲೆ ಮರ ಕೊಯ್ಯುತ್ತಿದ್ದರು. ಮೂಲಚಿತ್ರ ಈಗ ಉಳಿದಿಲ್ಲ; ಅದನ್ನು ನೋಡಿ ಕೊರೆದ ಅಚ್ಚಿನ ಚಿತ್ರಗಳು ಉಳಿದಿವೆ. ಇಂಥ ಮಣೆಯ ಮೇಲೆ ಕುದುರೆಯೇರಿದಂತೆ ಕುಳಿತು, ಮುಂದಿನ ಗೂಟಕ್ಕೆ ಮರವನ್ನು ಆನಿಸಿ, ಎದುರಿಗೆ ನೂಕುತ್ತ ಕೆಲಸ ಮಾಡಬಹುದು. ಮೊಣಕಾಲು ಮಡಿಸಬೇಕಾಗಿಲ್ಲ, ನಿಂತು ಕಾಲು ಊದಿಸಿಕೊಳ್ಳಬೇಕಾಗಿಯೂ ಇಲ್ಲ.

ಮರ ಕೊಳ್ಳಲು ಈ ಸಲ ತಂದೆಯವರೇ ಹೊರಟರು. ಆಟೋರಿಕ್ಷಾದಲ್ಲಿ ಹೋದದ್ದು ಹೊಸ ಮರದ ಅಂಗಡಿಗಲ್ಲ. ಕೆಡವಿದ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನು ರಾಶಿ ಹಾಕಿ ಮಾರುವ ಕಡೆಗೆ. "ಒಂದು ಮನೆಯನ್ನು ಎರಡು ತಲೆಮಾರು ಹೊತ್ತ ಮರ ಇನ್ನು ಹೊಸದಾಗಿ ಯಾವ ಆಟ ಆಡೀತು? ಬಾಗುವುದಿದ್ದರೆ ಆಗಲೇ ಬಾಗಿರುತ್ತೆ" ಎಂದರು. ಅಲ್ಲಿ 4 ಅಂಗುಲ ದಪ್ಪ, 11 ಅಂಗುಲ ಅಗಲದ ತೊಲೆಯೊಂದು ಬಿದ್ದಿತ್ತು. ಅಂಗಡಿಯವನು ತೇಗವೆಂದ. ತಂದೆಯವರು ಜೇಬಿನಿಂದ ಚಾಕು ತೆಗೆದು, ಒಂದು ಮೂಲೆಯಲ್ಲಿ ತೆಳ್ಳಗೆ ಹೆರೆದು, ಮೂಸಿ, ಬೆರಳಿನಿಂದ ಉಜ್ಜಿ, "ತೇಗದ ಎಣ್ಣೆಜಿಡ್ಡು ಎಲ್ಲಿ? ಇದು ಮತ್ತಿ ಕಣಪ್ಪ. ಒಳ್ಳೆಯ ಕೆಚ್ಚಿನ ಮತ್ತಿ. ಮತ್ತಿಯ ಬೆಲೆ ಹೇಳು" ಎಂದರು. ಅಂಗಡಿಯವನು ನಕ್ಕು ಅರ್ಧ ಬೆಲೆಗೆ ಇಳಿದ. ಮೂರು ವರ್ಷಗಳಲ್ಲಿ ನಾನು ಕೇಳದಿದ್ದ ಧ್ವನಿ ಅದು.

ಹಳೆಯ ಮರ ಕೊಳ್ಳುವವರಿಗೆ ಒಂದು ಎಚ್ಚರಿಕೆಯನ್ನೂ ಅವರಿಂದಲೇ ಕಲಿತೆ. ಒಳಗೆ ಮುರಿದು ಉಳಿದ ಮೊಳೆಗಳು ಇದ್ದೇ ಇರುತ್ತವೆ. ಒಂದು ಮೊಳೆ ಸಾಕು, ಗರಗಸದ ಹಲ್ಲನ್ನೂ ಹತ್ತರಿಯ ಬಾಯನ್ನೂ ಕೆಡಿಸಲು. ತೊಲೆಯ ಎಲ್ಲ ಮುಖಗಳ ಮೇಲೂ ಅಯಸ್ಕಾಂತ ಹಾಯಿಸಿ ಏಳು ಮೊಳೆಗಳನ್ನು ಹೊರಕ್ಕೆ ತೆಗೆದೆವು. ತುದಿಗಳಲ್ಲಿ ಸೀಳಿದೆಯೆ, ಕೊಡತಿಯಿಂದ ತಟ್ಟಿದರೆ ಎಲ್ಲಾದರೂ ಪೊಳ್ಳು ಸದ್ದು ಬರುತ್ತದೆಯೆ ಎಂಬುದನ್ನೂ ನೋಡಬೇಕು.

ಸಾಮಿಲ್ಲಿನಲ್ಲಿ ಅದನ್ನು 5 ಅಡಿಗೆ ಕೊಯ್ಸಿ, ಮೇಲ್ಮೈ ಕೀಸಿಸಿದಾಗ ಮೂರೂವರೆ ಅಂಗುಲ ದಪ್ಪ ಉಳಿಯಿತು. ತೂಕ 32 ಕೆ.ಜಿ.; ಇಬ್ಬರು ಸುಲಭವಾಗಿ ಮಹಡಿಗೆ ಹೊತ್ತೆವು. ಕಾಲುಗಳೂ ಸೇರಿದರೆ 37. ಅದರ ಮೇಲೆ 62 ಕೆ.ಜಿ.ಯ ತಂದೆಯವರು ಕುಳಿತರೆ ನೂರಕ್ಕೆ ಒಂದು ಕಡಮೆ; ನನ್ನ ನಕ್ಷೆಯ ಮತ್ತಿಯ ಮೇಜಿಗಿಂತ 9 ಕೆ.ಜಿ. ಹೆಚ್ಚು. ಕೆಲಸ ಮುಗಿದು ಅವರು ಎದ್ದರೆ ಮಣೆ ಹಗುರವಾಗಿ ಗೋಡೆಯ ಪಕ್ಕಕ್ಕೆ ಸರಿಯುತ್ತದೆ. ಇಷ್ಟು ವಿಧೇಯವಾದ ಭಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕಾಲಿನ ತೂತು ಕೊರೆಯುವ ಕೆಲಸ ನನ್ನ ಪಾಲಿಗೆ ಬಂತು. ತಂದೆಯವರು ಕುರ್ಚಿಯಲ್ಲಿ ಕುಳಿತು ಓರೆಯನ್ನು ಗುರುತು ಮಾಡಿಕೊಡುವರು. ನಾನು ಬೈರಿಗೆ ತಿರುಗಿಸಬೇಕು. ಕಾಲುಗಳು ಹೊರಕ್ಕೆ ಚಾಚಿದ್ದರೆ ಮಾತ್ರ ಮಣೆ ಪಕ್ಕಕ್ಕೆ ಉರುಳದೆ ನಿಲ್ಲುವುದು. ಹಳೆಯ ಮತ್ತಿ ಕಬ್ಬಿಣದ ಸೋದರ. ಒಂದು ತೂತು ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಎರಡು ಬೊಕ್ಕೆ ಎದ್ದವು. ಎರಡನೆಯ ತೂತು ಓರೆ ತಪ್ಪಿ ನೆಟ್ಟಗಾಯಿತು. ನಾನು ಸಪ್ಪೆಮುಖ ಮಾಡಿಕೊಂಡು ನಿಂತೆ. ಅವರು ಬಯ್ಯಲಿಲ್ಲ. "ಮೊದಲನೆಯ ಸಲ ನಾನೂ ಹೀಗೆಯೇ ಕೆಡಿಸಿದ್ದೆ. ಆಚಾರ್ರು ತಲೆಗೊಂದು ಕೊಟ್ಟು ಸರಿಮಾಡೋದು ಕಲಿಸಿದರು" ಎಂದು, ತೂತನ್ನು ಅದೇ ಮರದ ಗೂಟದಿಂದ ಮುಚ್ಚಿಸಿ, ಪಕ್ಕದಲ್ಲಿ ಹೊಸದಾಗಿ ಕೊರೆಸಿದರು. ಮೂವತ್ತಾರು ವರ್ಷಕ್ಕೆ ನಾನು ಅವರ ಹತ್ತಿರ ಕಲಿತ ಮೊದಲನೆಯ ಪಾಠವದು. ಬಡಗಿ ಎಂಬುದು ವರ್ಧಕಿಯ ತದ್ಭವವೆಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತೇನೆ. ಬೈರಿಗೆ ಹಿಡಿಯಲು ಆ ವ್ಯುತ್ಪತ್ತಿ ಏನೇನೂ ನೆರವಾಗಲಿಲ್ಲ.

ಕಾಲಿನ ತಲೆಯನ್ನು ತೂತಿನ ಮೂಲಕ ಮೇಲಕ್ಕೆ ಬರಿಸಿ, ಅದನ್ನು ಸೀಳಿ ಬೆಣೆ ಹೊಡೆಯಬೇಕು. ಇಲ್ಲೊಂದು ಸೂಕ್ಷ್ಮವುಂಟು. ಬೆಣೆ ಹಲಗೆಯ ಎಳೆಗೆ ಅಡ್ಡವಾಗಿರಬೇಕು. ಎಳೆಯ ಉದ್ದಕ್ಕೇ ಹೊಡೆದರೆ ಅದು ಕಾಲನ್ನು ಬಿಗಿಯುವುದರ ಜೊತೆಗೆ ಹಲಗೆಯನ್ನೂ ಸೌದೆಯಂತೆ ಸೀಳಿಬಿಡುತ್ತದೆ. ನಾನು ಕೊಡತಿ ಎತ್ತಿದ್ದೆ. ಸಕಾಲದಲ್ಲಿ ಅವರು ಕೈ ಹಿಡಿದರು.

ಎತ್ತರವನ್ನು ಈ ಸಲ ಹಿಂದಿನಿಂದ ಹೋಗಿ ಅಳೆಯಲಿಲ್ಲ. ಮನೆಯಲ್ಲಿದ್ದ ಕುರ್ಚಿ, ಸ್ಟೂಲುಗಳ ಮೇಲೆಲ್ಲ ಅವರನ್ನು ಕೂರಿಸಿ ಏಳಿಸಿ, ಯಾವುದರಿಂದ ಸುಲಭವಾಗಿ ಏಳುತ್ತಾರೆಂದು ನೋಡಿದೆವು. ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಆದರೆ ಆಸನ ಎಷ್ಟು ತಗ್ಗಾದರೆ ನೋಯುವ ಮೊಣಕಾಲಿಗೆ ಏಳುವುದು ಅಷ್ಟು ಕಷ್ಟ. ಅವರಿಗೆ 18 ಅಂಗುಲ ಹಿತವಾಯಿತು. ಮುಂಭಾಗದಲ್ಲಿ ಒಂದಂಗುಲದ ತೂತುಗಳ ಎರಡು ಸಾಲು ಕೊರೆದೆವು. ಅವುಗಳಲ್ಲಿ ಬೇಕಾದ ಕಡೆ ಗೂಟ ನೆಟ್ಟು, ಗೂಟಕ್ಕೂ ಮರಕ್ಕೂ ನಡುವೆ ಬೆಣೆ ತೂರಿಸಿದರೆ ಹಲಗೆ ಕದಲುವುದಿಲ್ಲ. ತುದಿಯಲ್ಲಿ ಒಂದು ಕಂಡಿ. ಹಲಗೆಯನ್ನು ನಿಲ್ಲಿಸಿ ಅಂಚು ಕೀಸಲು ಅದು. ತಿರುಪುಮೊಳೆಯ ಹಿಡಿಕೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಾಲ್ಕು ಕಾಲುಗಳ ಕೆಳಗೂ ಹಳೆಯ ಟಯರಿನ ತುಂಡುಗಳನ್ನಿಟ್ಟೆವು. ಕೆಳಮನೆಯ ಯಜಮಾನರ ನಿದ್ದೆಗೆ ಅದು ನಮ್ಮ ಕಪ್ಪಕಾಣಿಕೆ.

ಮನೆಯಲ್ಲಿ ಇಂಥದೊಂದನ್ನು ಮಾಡಿಕೊಳ್ಳಬೇಕೆಂದಿರುವ ಓದುಗರಿಗೆ ನನ್ನ ಅರಿಕೆ ಇಷ್ಟೆ. ಯಾವ ಮರ, ಎಷ್ಟು ದಪ್ಪ, ಯಾವ ದೇಶದ ನಕ್ಷೆ ಎಂಬ ಪ್ರಶ್ನೆಗಳು ಆಮೇಲಿನವು. ಅದರ ಮೇಲೆ ದುಡಿಯುವವರು ಯಾರು, ಅವರ ಸೊಂಟ ಮೊಣಕಾಲುಗಳು ಏನು ಹೇಳುತ್ತಿವೆ, ಅವರು ಮಾಡುವ ಕೆಲಸ ದೊಡ್ಡ ಬಾಗಿಲೋ ಚಿಕ್ಕ ಪೆಟ್ಟಿಗೆಯೋ ಎಂಬುದನ್ನು ಮೊದಲು ಅವರನ್ನೇ ಕೇಳಿ. ಗಟ್ಟಿಮುಟ್ಟಾದ ಹರೆಯದವರು ದೊಡ್ಡ ಹಲಗೆಗಳನ್ನು ಕೀಸಬೇಕಾದರೆ ರೂಬೊನ ಮೇಜೇ ಸರಿ. ಖರ್ಚು ಮಿಗಬೇಕಾದರೆ ನಿಕಲ್ಸನ್ನನದು. ಕುಳಿತೇ ಮಾಡಬೇಕಾದವರಿಗೆ ಮಣೆ. ಮನೆಯಲ್ಲಿ ಕಾಯಿ ತುರಿಯುವವರನ್ನೂ ಒಂದು ಮಾತು ಕೇಳಿದರೆ ನಷ್ಟವಿಲ್ಲ.

ಗೊಂಬೆಯ ತೊಟ್ಟಿಲು ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ಬೀಗದ ಕೈಯನ್ನು ನಾನು ತಂದೆಯವರಿಗೆ ಹಿಂತಿರುಗಿಸಿದೆ. ಅವರು ಅದನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದಾರೆ. ಸದ್ದಿನ ವಿಷಯ ಮಾತನಾಡಲು ಒಂದು ಸಂಜೆ ಮೆಟ್ಟಿಲು ಹತ್ತಿ ಬಂದ ಕೆಳಮನೆಯ ಯಜಮಾನರು, ಮಣೆಯ ಮುಂದೆ ಕುರ್ಚಿ ಎಳೆದುಕೊಂಡು ಎರಡು ಗಂಟೆ ಕುಳಿತು, ಹೋಗುವಾಗ ತಮ್ಮ ಪೂಜೆಯ ಪೀಠದ ಮುರಿದ ಕಾಲೊಂದನ್ನು ಬಿಟ್ಟುಹೋದರು. ತಂದೆಯವರು ಮಲಗಿದ ಮೇಲೆ ನನ್ನ ಮಗಳು ಮಣೆಯನ್ನೇರಿ ಕುದುರೆ ಓಡಿಸುತ್ತಾಳೆ. ಭಾನುವಾರ ಬೆಳಗ್ಗೆ ಮಾತ್ರ ಅದು ಅಜ್ಜನದು. ಆ ಹೊತ್ತಿನಲ್ಲಿ ನಾನು ಉತ್ತರಪತ್ರಿಕೆಗಳನ್ನು ಹಿಡಿದು ಹಜಾರದಲ್ಲಿಯೇ ಕೂರುತ್ತೇನೆ. ಹತ್ತರಿಯಿಂದ ಸುರುಳಿಸುರುಳಿಯಾಗಿ ಹೊರಬಂದ ಮರದ ತೆಳುಪದರಗಳು ಗಾಳಿಗೆ ಉರುಳಿಬಂದು ನನ್ನ ಕಾಗದಗಳ ಮೇಲೆ ಕೂರುತ್ತವೆ. ಅವುಗಳನ್ನು ನಾನು ಬೇಗ ಕೊಡವುವುದಿಲ್ಲ.